ಬಂಡಿ ಕುದುರೆ ಅಂತ ಬರ್ಕೊಳ್ಳಿ

ನಮ್ಮ ಓಗುಲ್ಗೆರೆಕ್ ದಾಯ್ಜಾಳ ಹೆಸರಿಗೆ ‘ಗಂಡು ಬೇಕು’ ಅಂತ ಅರ್ಥ. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದರೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಈ ಹೆಸರಿಟ್ಟು ದೇವರಿಗೆ ಒಂದು ಮಾತು ಜ್ಞಾಪಿಸುತ್ತಾರೆ. ದೇವರು ಜ್ಞಾಪಿಸಿಕೊಳ್ಳಲಿಲ್ಲ. ನಾಜಾರ್ ತಾತನಿಗೆ ಅವಳೇ ಕೊನೆಯ ಮಗು. ಅವಳಿಗೇನೂ ಇದರ ಬಗ್ಗೆ ಬೇಜಾರಿಲ್ಲ.

“ಅಪ್ಪ ಗಂಡು ಕೇಳಿದ್ದು ಕುದುರೆ ನೋಡ್ಕೊಳ್ಳೋಕೆ. ಉಜ್ಜೋ ಕೈ ಗಂಡಸಿಂದೋ ಹೆಂಗಸಿಂದೋ, ಕುದುರೆಗೇನ್ ಗೊತ್ತಾಗುತ್ತೆ?” ಅನ್ನುತ್ತಾಳೆ.

ದಾಯ್ಜಾ ಅಂದರೆ ಚಿಕ್ಕಮ್ಮ. ನಮ್ಮ ಗರಾಗುಯಿ ಊರಿಗೆಲ್ಲ ಅವಳು ದಾಯ್ಜಾ, ನನಗೆ ಮಾತ್ರ ನಿಜವಾದವಳು, ಅಮ್ಮನ ತಂಗಿ. ಐವತ್ತೆಂಟು ವಯಸ್ಸು, ಎರಡು ಚಿನ್ನದ ಹಲ್ಲು, ಉದ್ದ ವೆಲ್ವೆಟ್ ಅಂಗಿಯ ಕೆಳಗೆ ಗಂಡಸರ ರಬ್ಬರ್ ಬೂಟು. ಮದುವೆಯಾಗಿ ಹನ್ನೊಂದೇ ತಿಂಗಳಿಗೆ ತವರಿಗೆ ವಾಪಸು ಬಂದವಳು. ಅವಳ ಜೊತೆ ಹೋಗಿದ್ದ ಹೆಣ್ಣು ಕುದುರೆಮರಿಯನ್ನು ಗಂಡನ ಮನೆಯವರು ಹೇಳದೆ ಕೇಳದೆ ಮಾರಿಬಿಟ್ಟಿದ್ದರಂತೆ. ಅವಳು ಮೊದಲು ನಾಲ್ಕು ಊರು ಅಲೆದು ಮರಿಯನ್ನು ಹುಡುಕಿದಳು, ಆಮೇಲೆ ಅದನ್ನು ಹಿಡಿದುಕೊಂಡು ನಡೆದೇ ಅಪ್ಪನ ಮನೆಗೆ ಬಂದಳು. ಗಂಡನನ್ನು ಯಾರೂ ಹುಡುಕಲಿಲ್ಲ.

ಆ ಮರಿಯ ವಂಶದ್ದೇ ಈಗಿನ ಶೆಮಾಲ್. ಇವಳನ್ನು ನೀವು ನೋಡಬೇಕಿತ್ತು. ಮೈ ಬಣ್ಣ ಹೊಸ ಹಿತ್ತಾಳೆ ತಂಬಿಗೆಯದು, ಚರ್ಮ ಎಷ್ಟು ತೆಳು ಅಂದರೆ ಓಡಿ ಬಂದಾಗ ಒಳಗಿನ ನರಗಳೆಲ್ಲ ನಕ್ಷೆಯಂತೆ ಕಾಣುತ್ತವೆ. ಕತ್ತಿನ ಮೇಲೆ ಜೂಲು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮರಳುಗಾಡಿನ ಹಳೆಯ ಓಟದ ತಳಿ ಅಂದರೆ ಹೀಗೇ ಇರಬೇಕು ಅಂತ ಯಾರು ಬೇಕಾದರೂ ಹೇಳಿಯಾರು. ಸರ್ಕಾರದ ಪುಸ್ತಕ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಅದರಲ್ಲಿ ಶೆಮಾಲ್ ಬಂಡಿ ಕುದುರೆ.

ಅದಕ್ಕೆ ಕಾರಣ ನಾಜಾರ್ ತಾತ. ಸೋವಿಯತ್ ಕಾಲದಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಒಂದು ಆಜ್ಞೆ ಬಂತಂತೆ: ಕೆಲಸ ಮಾಡುವ ಕುದುರೆ ಇರಲಿ, ಸುಮ್ಮನೆ ಓಡುವ ಕುದುರೆ ಮಾಂಸದ ಕಾರ್ಖಾನೆಗೆ ಹೋಗಲಿ. ತಾತ ಆಗ ಸರ್ಕಾರದ ಸಾಮೂಹಿಕ ಹೊಲದ ಸಂಘದಲ್ಲಿ ಸೇಯಿಸ್, ಅಂದರೆ ಓಟದ ಕುದುರೆ ಪಳಗಿಸುವವನು. ಅವನು ಶೆಮಾಲ್‌ಳ ಅಜ್ಜಿಯ ಅಜ್ಜಿಯನ್ನು ಪುಸ್ತಕದಲ್ಲಿ ‘ಬಂಡಿ ಕುದುರೆ, ಬಾವಿ ಕೆಲಸ’ ಅಂತ ಬರೆಸಿಬಿಟ್ಟ. ಅದು ಬದುಕಿತು. ಜೊತೆಯ ಹನ್ನೆರಡು ಕುದುರೆ ರೈಲು ಹತ್ತಿದವು. ಬರೆದಿದ್ದು ಮಾತ್ರ ಹಾಗೇ ಉಳಿಯಿತು. ತಾಯಿ ಬಂಡಿ ಕುದುರೆಯಾದರೆ ಮಗಳೂ ಬಂಡಿ ಕುದುರೆ, ಮೊಮ್ಮಗಳೂ ಅಷ್ಟೆ. ರಾಜಧಾನಿಯ ದೊಡ್ಡ ಓಟಕ್ಕೆ ಇವರಿಗೆ ಪ್ರವೇಶವಿಲ್ಲ. ಮದುವೆ ಮನೆಗಳ ಓಟದಲ್ಲಿ ಮಾತ್ರ ಓಡಬಹುದು, ಅಲ್ಲಿ ಯಾರೂ ಕಾಗದ ಕೇಳುವುದಿಲ್ಲ.

ಅದನ್ನು ತಿದ್ದಿಸುವುದೇ ದಾಯ್ಜಾಳ ಜೀವಮಾನದ ಕೆಲಸವಾಗಿತ್ತು. ಅರ್ಜಿ ಬರೆದಳು, ಕುದುರೆಯ ಕೂದಲು ಕವರಿನಲ್ಲಿ ಹಾಕಿ ಕಳಿಸಿದಳು, ರಾಜಧಾನಿಯ ಕಚೇರಿ ಬಾಗಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ಕೂತಳು. ಊರಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು, ಅದರಲ್ಲೂ ಪಕ್ಕದ ಮನೆಯ ಪಿರ್ಲಿ ಆಗಾ, ಅಂದರೆ ಪಿರ್ಲಿ ಅಣ್ಣ. ಅವನದು ಕಾಗದಪತ್ರ ಸರಿಯಿರುವ ಕಪ್ಪು ಗಂಡುಕುದುರೆ. ಅವನ ಲಾಯಕ್ಕೂ ದಾಯ್ಜಾಳ ಲಾಯಕ್ಕೂ ಮಧ್ಯೆ ಒಂದು ಮಣ್ಣಿನ ಗೋಡೆ. ಇಪ್ಪತ್ತು ವರ್ಷ ಗೋಡೆಯ ಮೇಲಿಂದ ಅವನದು ಒಂದೇ ಮಾತು:

“ಏನಮ್ಮಾ, ನಿನ್ ಬಂಡಿ ಕುದುರೆಗೆ ಇವತ್ತು ಈರುಳ್ಳಿ ಹೇರ್ಲಾ, ಹತ್ತಿ ಹೇರ್ಲಾ?”

“ನಿನ್ ಹೆಣ ಹೇರು ಆಗಾ, ಅದಿನ್ನೂ ಹಗುರ,” ಅನ್ನುತ್ತಿದ್ದಳು ಇವಳು.

ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಶೆಮಾಲ್ ಪಿರ್ಲಿಯ ಕರಿಯನನ್ನು ಆರು ಮಾರು ಹಿಂದೆ ಹಾಕಿತು. ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಅಲ್ಲಿ ಇಲ್ಲಿ ಸುತ್ತಿ ರಾಜಧಾನಿ ಮುಟ್ಟಿತು. ಈ ಕಥೆ ಶುರುವಾಗಿದ್ದು ಹಾಗೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಬಿಳಿ ಕಾರು ಬಂತು. ಇಳಿದವನು ದೊವ್ರಾನ್, ಕುದುರೆ ಇಲಾಖೆಯ ಅಧಿಕಾರಿ, ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು. ಅವತ್ತು ನನಗೆ ರಜೆ, ದಾಯ್ಜಾಳ ಮನೆಯಲ್ಲೇ ಇದ್ದೆ. ಅವನು ಅಂಗಳಕ್ಕೆ ಕಾಲಿಡುತ್ತಲೇ ನಕ್ಕ.

“ದಾಯ್ಜಾ, ಬುಶ್ಲುಕ್ ತೆಗೀರಿ. ಅದಿಲ್ದೆ ಬಾಯಿ ಬಿಡಲ್ಲ.”

ಒಳ್ಳೆಯ ಸುದ್ದಿ ತಂದವನಿಗೆ ಮೊದಲು ಉಡುಗೊರೆ ಕೊಡಬೇಕು, ಅದೇ ಬುಶ್ಲುಕ್. ದಾಯ್ಜಾ ಒಳಗೆ ಹೋಗಿ ತಾನೇ ಕಸೂತಿ ಹಾಕಿದ ಹೊಸ ಟೋಪಿ ತಂದು ಅವನ ತಲೆಗಿಟ್ಟಳು.

“ಹೇಳು ತಮ್ಮಾ.”

“ಪುಸ್ತಕ ತಿದ್ದುತಾ ಇದೀವಿ. ನಿಮ್ ಶೆಮಾಲ್ ಇನ್ಮೇಲೆ ಅಸಲಿ ತಳಿ. ನಾಳಿದ್ದು ಗುರುವಾರ ಪುಸ್ತಕ ತಗೊಂಡು ಬರ್ತೀವಿ. ನೀವು ಅದರ ಏಳು ತಲೆ ತಾಯಂದಿರ ಹೆಸರು ಹೇಳಿ, ಮೂರು ಜನ ಹಿರಿಯರು ಹೌದು ಅನ್ಲಿ, ಸೀಲ್ ಹೊಡೀತೀವಿ.”

ದಾಯ್ಜಾ ಹಿಪ್ಪುನೇರಳೆ ಮರದ ಕೆಳಗಿನ ಮಂಚದ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಟೀ ಬಗ್ಗಿಸಲು ಹೋಗಿ ಬಟ್ಟಲಿನ ಹೊರಗೆ ಬಗ್ಗಿಸಿದಳು.

“ಇಷ್ಟು ವರ್ಷ ಇಲ್ದಿದ್ದು ಈಗ ಹೆಂಗೆ?” ಕೇಳಿದಳು ಕೊನೆಗೆ.

“ಮೇಲಿನವರು ವಿಡಿಯೋ ನೋಡಿದ್ರು. ಇದೇ ಬೇಕು ಅಂದ್ರು. ಕುದುರೆ ಹಬ್ಬಕ್ಕೆ ಚೀನಾದಿಂದ ದೊಡ್ಡ ನಿಯೋಗ ಬರ್ತಾ ಇದೆ, ಗ್ಯಾಸಿನ ಹೊಸ ಒಪ್ಪಂದ, ಮೂವತ್ತು ವರ್ಷದ್ದು. ಸಹಿ ಆದ್ಮೇಲೆ ಕಾಣಿಕೆ ಕೊಡ್ಬೇಕಲ್ಲ. ಎರಡು ದೇಶದ ಸ್ನೇಹಕ್ಕೆ ನಿಮ್ಮನೆ ಕುದುರೆ. ಟೀವಿಲಿ ಬರುತ್ತೆ ದಾಯ್ಜಾ.”

ಅವನಿಗೆ ಪಾಪ ನಿಜವಾಗಿಯೂ ಅದು ಸಂತೋಷದ ಸುದ್ದಿಯೇ. ದಾಯ್ಜಾ ಟೀ ಕುಡಿಕೆ ಕೆಳಗಿಟ್ಟಳು.

“ಬಂಡಿ ಕುದುರೆನ ಕಾಣಿಕೆ ಕೊಡೋಕಾಗಲ್ಲ ಅಂತ ತಿದ್ದೋದಾ?”

“ಅದೂ ಒಂದು ಕಾರಣ. ಹೊರದೇಶದ ಅತಿಥಿಗೆ ಕಾಗದ ಸರಿ ಇಲ್ದೆ ಕೊಟ್ರೆ ಮರ್ಯಾದೆ ಏನಾಗ್ಬೇಕು?”

“ಆಗಲಿ. ಟೋಪಿ ಕೊಡು ಇತ್ಲಾಗೆ.”

“ಏನಂದ್ರಿ?”

“ಟೋಪಿ. ನನ್ ಟೋಪಿ ಕೊಡು.”

ಕೊಟ್ಟ ಬುಶ್ಲುಕ್ ವಾಪಸು ಕೇಳಿದ್ದನ್ನು ನಮ್ಮ ಊರಲ್ಲಿ ಯಾರೂ ಕಂಡೂ ಇಲ್ಲ, ಕೇಳಿಯೂ ಇಲ್ಲ. ದೊವ್ರಾನ್ ಕೆಂಪಗಾದ. ಅವನು ಬಿಚ್ಚುವ ತನಕ ಕಾಯದೆ ಅವಳೇ ಅವನ ತಲೆಯಿಂದ ಟೋಪಿ ಎತ್ತಿಕೊಂಡು, ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡಳು.

“ಕುದುರೆ ಕೊಡಲ್ಲ,” ಅಂದಳು.

ಅವನು ಕೋಪ ಮಾಡಿಕೊಳ್ಳಲಿಲ್ಲ, ಅದೇ ಹೆದರಿಕೆಯಾಗಿದ್ದು. ಮೆತ್ತಗೆ ಮಾತಾಡಿದ. ಅಸಲಿ ತಳಿ ಅಂತ ಸೀಲ್ ಬಿದ್ದ ಕುದುರೆ ದೇಶದ ಆಸ್ತಿಯಂತೆ, ಮಾಲೀಕ ಬರೀ ನೋಡಿಕೊಳ್ಳುವವನಂತೆ, ಕಾನೂನು ಹಾಗಿದೆಯಂತೆ. ಸೀಲ್ ಬಿದ್ದ ಮೇಲೆ ಅವಳ ‘ಕೊಡಲ್ಲ’ಕ್ಕೆ ಬೆಲೆಯೇ ಇಲ್ಲ. “ಪುಸ್ತಕ ತಿದ್ದಿ ತಿದ್ದಿ ಅಂತ ನೀವೇ ಕೂಗಿದ್ರಲ್ಲ ದಾಯ್ಜಾ. ನಿಮ್ಮ ಅರ್ಜಿನೇ ಒಂದು ಕಟ್ಟು ಇದೆ ನನ್ ಹತ್ರ. ಗುರುವಾರ ಬರ್ತೀವಿ. ಅವರ ಕಡೆ ಪಶುವೈದ್ಯರೂ ಬರ್ತಾರೆ. ನಿಮ್ ಹುಡುಗಿಗೆ ಚೀನೀ ಭಾಷೆ ಬರುತ್ತಲ್ಲ, ಇವಳೇ ದುಭಾಷಿ ಆಗ್ಲಿ,” ಅಂದು ನನ್ನ ಕಡೆ ನೋಡಿದ.

ಬರುತ್ತದೆ. ಚೀನಾದ ಲಾನ್‌ಜೋ ಊರಿನಲ್ಲಿ ನಾಲ್ಕು ವರ್ಷ ಓದಿದೆ, ಈಗ ಗ್ಯಾಸ್ ಬಾವಿಯ ಕಚೇರಿಯಲ್ಲಿ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳುವುದೇ ಕೆಲಸ. ನಮ್ಮೂರಿನ ನೆಲದಡಿಯ ಗ್ಯಾಸ್ ಕೊಳವೆಯಲ್ಲಿ ಎರಡು ದೇಶ ದಾಟಿ ಚೀನಾಕ್ಕೆ ಹೋಗುತ್ತದೆ. ಅಲ್ಲಿನ ಭಟ್ಟಿಗಳಲ್ಲಿ ಉರಿದು, ಟೀ ಬಟ್ಟಲಾಗಿ ನಮ್ಮ ತೆಜೆನ್ ಬಜಾರಿಗೇ ವಾಪಸು ಬರುತ್ತದೆ. ನಮ್ಮ ದಾಯ್ಜಾ ಕೂಡ ಒಂಟೆ ಹಾಲಿನ ಹುಳಿ ಮಜ್ಜಿಗೆಯನ್ನು ಚೀನೀ ಕ್ಯಾಂಪಿಗೇ ಮಾರುತ್ತಾಳೆ. ಅವರ ಮೇಲೆ ಅವಳಿಗೆ ದ್ವೇಷವಿಲ್ಲ. “ಹುಳಿ ಕುಡ್ದು ಮುಖ ಸಿಂಡರಿಸ್ಕೊಂಡ್ರೂ ಕುಡೀತಾರೆ, ಒಳ್ಳೆ ಜನ,” ಅನ್ನುತ್ತಾಳೆ.

ಕಾರು ಹೋದ ಮೇಲೆ ಅವಳು ಲಾಯಕ್ಕೆ ಹೋಗಿ ಶೆಮಾಲ್‌ಳ ಮೈ ಉಜ್ಜಲು ಶುರುಮಾಡಿದಳು. ನಾನು ಬಾಗಿಲಲ್ಲಿ ನಿಂತೆ.

“ಸೆಲ್ಬಿ, ಗುರುವಾರ ನಾನೊಂದು ಮಾತು ಹೇಳ್ತೀನಿ. ಅದರಿಂದ ನಿನ್ ಕೆಲಸ ಹೋಗ್ಬೋದಾ?”

“ಯಾವ ಮಾತು?”

“ಇದು ಬಂಡಿ ಕುದುರೆ ಅಂತ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಯಾವ ಒಂದು ಮಾತನ್ನು ಅಳಿಸಲು ಅವಳು ಮೂವತ್ತು ವರ್ಷ ಬಾಗಿಲು ಬಾಗಿಲು ತಿರುಗಿದ್ದಳೋ ಅದನ್ನೇ ಈಗ ತನ್ನ ಬಾಯಿಂದ, ಊರಿನ ಎದುರಿಗೆ ಹೇಳಬೇಕು.

“ನಾನು ಹೇಳಿದ್ದನ್ನ ಹೇಳೋದಷ್ಟೇ ನನ್ ಕೆಲಸ ದಾಯ್ಜಾ,” ಅಂದೆ. “ಆದ್ರೆ ಹಿರಿಯರು? ದೊವ್ರಾನ್ ಕರ್ಕೊಂಡ್ ಬರೋ ಮೂರು ಜನ ನಿಜ ಹೇಳಿದ್ರೆ?”

“ಹೇಳ್ಕೊಳ್ಳಲಿ. ನಾನು ಯಾರ ಕಾಲೂ ಹಿಡಿಯಲ್ಲ.”

ಹಿಡಿಯಲೂ ಇಲ್ಲ. ಎರಡು ದಿನ ಯಾರ ಮನೆಗೂ ಹೋಗಲಿಲ್ಲ. ನಾನಾದರೂ ಹೋಗಿ ಹೇಳಿ ಬರಲಾ ಅಂದರೆ ಬೂಟು ತೋರಿಸಿದಳು.

ಗುರುವಾರ ಅಂಗಳ ತುಂಬಿತ್ತು. ನಮ್ಮೂರಲ್ಲಿ ಪುಸ್ತಕ ತೆಗೆಯುತ್ತಾರೆ ಅಂದರೆ ಮದುವೆಗಿಂತ ಹೆಚ್ಚು ಜನ ಸೇರುತ್ತಾರೆ. ಮಂಚದ ಮೇಲೆ ದೊವ್ರಾನ್, ಪಕ್ಕದಲ್ಲಿ ಸೀಲಿನ ಗುಮಾಸ್ತ. ಜೊತೆಗೆ ಬಂದ ಪಶುವೈದ್ಯರು ಡಾಕ್ಟರ್ ಬಾವೊ. ಈ ಬಾವೊ ಚೀನಾದ ಮಂಗೋಲರ ಪೈಕಿ, ಬಿಸಿಲಿಗೆ ಕಂದಿದ ಮುಖದ ಐವತ್ತರ ಮನುಷ್ಯ. ಬಂದವರೇ ಟೀಗೂ ಕೂರದೆ ಲಾಯಕ್ಕೆ ನಡೆದರು. ಹಲ್ಲು ನೋಡಿದರು, ಕಾಲು ಎತ್ತಿ ನೋಡಿದರು, ಕತ್ತಿನ ಮೇಲೆ ಕೈ ಎಳೆದರು. ಆ ಕೈ ಅಲ್ಲೇ ನಿಂತಿತು.

“ಇದಕ್ಕೆ ಏನು ತಿನ್ನಿಸ್ತೀರಿ ಅಂತ ಕೇಳಿ,” ಅಂದರು ನನಗೆ.

ಕೇಳಿದೆ.

“ಬಂಡಿ ಕುದುರೆ ಏನ್ ತಿನ್ನುತ್ತೆ? ಹುಲ್ಲು. ಉಳಿದಿದ್ದು ಬಳಿದಿದ್ದು,” ಅಂದಳು ದಾಯ್ಜಾ.

ಬಾವೊ ಬಾನಿಯೊಳಗೆ ಕೈ ಹಾಕಿದರು. ಕುದುರೆಮಸಾಲೆ ಸೊಪ್ಪಿನ ಅಡಿಯಲ್ಲಿ ಜವೆಗೋಧಿ ಹಿಟ್ಟಿನ ಉಂಡೆ, ಕುರಿ ಕೊಬ್ಬು, ಒಂದು ಮೊಟ್ಟೆ ಚಿಪ್ಪು. ಚಿಪ್ಪನ್ನು ಎತ್ತಿ ನೋಡಿದರು, ದಾಯ್ಜಾಳನ್ನು ನೋಡಿದರು, ಜೇಬಿಗೆ ಹಾಕಿಕೊಂಡರು.

ದೊವ್ರಾನ್ ಪುಸ್ತಕ ಬಿಚ್ಚಿದ. “ಶೆಮಾಲ್‌ಳ ತಾಯಿ ಯಾರು, ತಾಯಿಯ ತಾಯಿ ಯಾರು, ಹೇಳಿ ದಾಯ್ಜಾ. ಏಳು ತಲೆ.”

“ತಾಯಿ ಈರುಳ್ಳಿ ಎಳೆದೋಳು,” ಅಂದಳು ದಾಯ್ಜಾ. ನಿಂತೇ ಇದ್ದಳು, ಕೂರಲಿಲ್ಲ. “ಅದರ ತಾಯಿ ಹತ್ತಿ ಎಳೆದೋಳು. ಅದರ ತಾಯಿ ಬಾವೀಲಿ ನೀರು ಸೇದಿದೋಳು. ಅದಕ್ಕಿಂತ ಹಿಂದಿನದು ಯಾರಿಗ್ ಗೊತ್ತು? ಕತ್ತೆಯೂ ಇರ್ಬೋದು. ಬಂಡಿ ಕುದುರೆ ಅಂತ ಬರ್ಕೊಳ್ಳಿ.”

ಗುಮಾಸ್ತನ ಸೀಲು ಗಾಳಿಯಲ್ಲೇ ಇತ್ತು.

ದೊವ್ರಾನ್ ನಿಧಾನವಾಗಿ ಚೀಲದಿಂದ ಒಂದು ಕಟ್ಟು ತೆಗೆದ. ಅವಳ ಅರ್ಜಿಗಳು. ಒಂದನ್ನು ಬಿಡಿಸಿ ಜೋರಾಗಿ ಓದಿದ: “‘ನನ್ನ ಶೆಮಾಲ್‌ಳ ತಾಯಿ ಗುಲ್ದೆಸ್ತೆ, ಅವಳ ತಾಯಿ ಐಪೆರಿ, ಅವಳ ತಾಯಿ ಸೋನಾ. ಸೋನಾಳ ಅಜ್ಜಿ ಒಂದೇ ದಿನದಲ್ಲಿ ಮರಳು ದಾಟಿ ನಮ್ಮ ಊರಿಗೆ ಔಷಧಿ ತಂದವಳು. ಇವರನ್ನು ಬಂಡಿ ಕುದುರೆ ಅನ್ನುವುದು ನನ್ನ ಅಪ್ಪನ ಸಮಾಧಿಯ ಮೇಲೆ ಕಸ ಸುರಿದಂತೆ.’ ಇದು ಯಾರ ಕೈಬರಹ ದಾಯ್ಜಾ?”

ಅವಳ ಕೈ ಜೇಬಿನೊಳಗೆ ಹೋಯಿತು. ಅಲ್ಲಿದ್ದ ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

“ನಂದೇ,” ಅಂದಳು. “ಸುಳ್ಳು ಬರ್ದಿದ್ದೆ. ದೊಡ್ಡವಳು ಅನ್ನಿಸ್ಕೊಳ್ಳೋ ಆಸೆ. ಮೂವತ್ತು ವರ್ಷ ಸರ್ಕಾರದ ಕಾಗದ ಹಾಳು ಮಾಡಿದೆ, ಅದಕ್ಕೆ ಬೇಕಾದ್ರೆ ದಂಡ ಹಾಕು.”

ನಾನು ಇದನ್ನೆಲ್ಲ ಬಾವೊಗೆ ಚೀನೀ ಭಾಷೆಯಲ್ಲಿ ಹೇಳಬೇಕಿತ್ತು. ಹೇಳಿದೆ. ಅವರು ಮರದ ಕಡೆ ನೋಡುತ್ತಾ ಕೇಳಿಸಿಕೊಂಡರು.

“ಸರಿ. ಹಿರಿಯರು ಹೇಳ್ಲಿ,” ಅಂದ ದೊವ್ರಾನ್. ಅವನು ಮೊದಲನೆಯ ಸಾಕ್ಷಿಯಾಗಿ ಆರಿಸಿಕೊಂಡಿದ್ದು ಪಿರ್ಲಿ ಆಗಾನನ್ನೇ. ಜಾಣ ಆಯ್ಕೆ. ಇಡೀ ಊರಲ್ಲಿ ದಾಯ್ಜಾಳ ಮೇಲೆ ಹಳೆಯ ಹಗೆ ಇದ್ದವನು ಅವನೊಬ್ಬನೇ. ನಿಜವೊಂದನ್ನು ಹೇಳಿದರೆ ಸಾಕು, ಗೋಡೆಯಾಚೆಯ ಲಾಯ ಖಾಲಿ. ದಾಯ್ಜಾ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಪಿರ್ಲಿ ಕುರಿಚರ್ಮದ ದೊಡ್ಡ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ತಲೆ ಕೆರೆದ. “ತಮ್ಮಾ, ಇಪ್ಪತ್ತು ವರ್ಷದಿಂದ ಇದೇ ಬಾಯಲ್ಲಿ, ಇದೇ ಗೋಡೆ ಮೇಲಿಂದ ಹೇಳ್ತಾನೇ ಇದೀನಿ, ಇವಳ್ದು ಬಂಡಿ ಕುದುರೆ ಅಂತ. ಆಗೆಲ್ಲ ಯಾರೂ ಪುಸ್ತಕ ತರ್ಲಿಲ್ಲ. ಇವತ್ತು ತಂದಿದೀಯ, ದೇವರು ಒಳ್ಳೇದ್ ಮಾಡ್ಲಿ. ಬರ್ಕೋ.”

“ಆಗಾ, ಪ್ರಮಾಣ ಮಾಡಿ ಹೇಳ್ತಾ ಇದೀರಿ.”

“ಊರಲ್ಲಿ ಯಾರನ್ನಾದ್ರೂ ಕೇಳು, ನಾನು ಹಂಗೆ ಅಂತಿದ್ನೋ ಇಲ್ವೋ ಅಂತ.”

“ಅಂತಿದ್ದ, ಅಂತಿದ್ದ,” ಅಂತ ಅಂಗಳ ಪೂರ್ತಿ ಗುಜುಗುಜು ಅಂದಿತು.

ದೊವ್ರಾನ್ ಫೋನು ತೆಗೆದು ಮದುವೆಯ ವಿಡಿಯೋ ಅವನ ಮೂಗಿನ ಹತ್ತಿರ ಹಿಡಿದ. “ಹಾಗಾದ್ರೆ ಇದೇನು? ನಿಮ್ಮ ಕರಿಯ, ಅಸಲಿ ತಳಿ, ನಾವೇ ಸೀಲ್ ಹಾಕಿದ್ದು. ಅದನ್ನ ಒಂದು ಬಂಡಿ ಕುದುರೆ ಸೋಲಿಸ್ತಾ?”

ಪಿರ್ಲಿಯ ಮೀಸೆ ಅಲುಗಿತು. ಆ ಸೋಲಿಗೆ ಅವನು ಇಡೀ ವರ್ಷ ಬೇರೆ ಬೇರೆ ಕಾರಣ ಹೇಳಿಕೊಂಡು ತಿರುಗಿದ್ದ, ಗಾಳಿ ಎದುರಿತ್ತು ಅಂತ, ಲಾಳ ಸಡಿಲ ಇತ್ತು ಅಂತ. ಅವತ್ತು ಯಾವುದನ್ನೂ ಹೇಳಲಿಲ್ಲ.

“ನಂದು ಬಂಡಿ ಕುದುರೆಗಿಂತ ಕಡೆ,” ಅಂದ. “ಅದನ್ನೂ ಬರ್ಕೋ.”

ದಾಯ್ಜಾ ಆಗ ಅವನ ಕಡೆ ನೋಡಿದಳು. ಒಂದು ಕ್ಷಣ ಅಷ್ಟೆ, ಮತ್ತೆ ನೆಲ ನೋಡಿದಳು.

ಆಮೇಲಿನದು ಸುಲಭವಾಯಿತು. ಸೂಲಗಿತ್ತಿ ಅನ್ನಾಸೊಲ್ತಾನ್ ಅಜ್ಜಿ, ಶೆಮಾಲ್‌ಳ ಅಜ್ಜಿ ತನ್ನ ಮದುವೆಯ ಪಾತ್ರೆಪಡಗ ಎಳೆದು ಅರ್ಧ ಒಡೆದುಹಾಕಿತ್ತು ಅಂದಳು. ಅಜ್ಜಿಯ ಮದುವೆಯಾದಾಗ ಆ ಕುದುರೆ ಹುಟ್ಟಿಯೇ ಇರಲಿಲ್ಲ, ಇರಲಿ. ನೀರಗಂಟಿ ಎಸೆನ್ ಇನ್ನೂ ಮುಂದೆ ಹೋಗಿ, ಕಾಲುವೆಯ ಹೂಳು ಎಳೆಯುವಾಗ ಅದು ಮಲಗಿಬಿಡುತ್ತಿತ್ತು, ಬಾಲಕ್ಕೆ ಚಾವಟಿ ಬಿದ್ದರೂ ಏಳುತ್ತಿರಲಿಲ್ಲ, ಅಂಥ ಸೋಮಾರಿ ಮನೆತನ ಅಂದ. ಹಿಂದೆ ನಿಂತಿದ್ದವರೂ ಶುರುಮಾಡಿದರು. ಕಣ್ಣು ಮಂಜು ಅಂದರು, ಕಾಲು ಸೊಟ್ಟ ಅಂದರು. ಶೆಮಾಲ್ ಲಾಯದ ಬಾಗಿಲಲ್ಲಿ ಬಿಸಿಲಿಗೆ ಹೊಳೆಯುತ್ತಾ ನಿಂತು ತನ್ನ ಬೈಗುಳವನ್ನೆಲ್ಲ ಕಿವಿ ನಿಮಿರಿಸಿ ಕೇಳುತ್ತಿತ್ತು.

“ಸಾಕು,” ಅಂದ ದೊವ್ರಾನ್. ಮುಖದಲ್ಲಿ ನಗು ಹೋಗಿತ್ತು. “ಬಂಡಿ ಕುದುರೆ ತಾನೇ? ಬಂಡಿಗೆ ಕಟ್ಟಿ. ನಾವು ನೋಡ್ತೀವಿ.”

ಇದನ್ನು ಯಾರೂ ಯೋಚಿಸಿರಲಿಲ್ಲ. ನಮ್ಮ ತಳಿಯನ್ನು ಬಂಡಿಗೆ ಕಟ್ಟುವುದಿಲ್ಲ. ಕಟ್ಟಿದರೆ ಅದು ಒದೆಯುತ್ತದೆ, ಹೆದರಿ ತನ್ನ ಕಾಲನ್ನೇ ಮುರಿದುಕೊಳ್ಳುತ್ತದೆ. ಶೆಮಾಲ್‌ಳ ಬೆನ್ನ ಮೇಲೆ ದಾಯ್ಜಾ ಬಿಟ್ಟು ಇನ್ನೊಬ್ಬರು ಕೂತಿಲ್ಲ, ಕೊರಳಿಗೆ ಮೆತ್ತನೆಯ ಉಣ್ಣೆ ನಮದಾ ಬಿಟ್ಟು ಇನ್ನೊಂದು ತಾಗಿಲ್ಲ. ಒಂದು ಒದೆ ಬಿದ್ದರೆ ಸಾಕು, ಮೂರು ಸಾಕ್ಷಿಯೂ ಮಣ್ಣು.

“ಎಸೆನ್, ನಿನ್ ಕತ್ತೆ ಗಾಡಿ ತಾ,” ಅಂದಳು ದಾಯ್ಜಾ.

ಗಾಡಿ ಬಂತು. ಮೂಕಿ ಗಿಡ್ಡ, ಕೊರಳಪಟ್ಟಿ ಕತ್ತೆಯ ಬೆವರಿಗೆ ಗಟ್ಟಿಯಾಗಿ ತೊಗಲು ಸೀಳುವಂತಿತ್ತು. ದಾಯ್ಜಾ ತಲೆಯ ಮೇಲಿನ ದೊಡ್ಡ ಹೂವಿನ ಶಾಲು ಬಿಚ್ಚಿದಳು. ಅವಳ ಬರಿ ತಲೆಯನ್ನು, ಅದರಲ್ಲಿನ ಬಿಳಿ ಕೂದಲನ್ನು ಊರು ನೋಡಿದ್ದು ಅವತ್ತೇ. ಗಂಡಸರು ಬೇರೆ ಕಡೆ ಮುಖ ಮಾಡಿದರು. ಶಾಲನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿಯ ಕೆಳಗಿಟ್ಟಳು.

ಪಟ್ಟಿ ತಾಗುತ್ತಲೇ ಶೆಮಾಲ್‌ಳ ಮೈ ಪೂರ್ತಿ ನಡುಗಿತು. ಹಿಂಗಾಲು ಎತ್ತಿತು. ಕಾಲು ಅಲ್ಲೇ ತೂಗುತ್ತಾ ನಿಂತಿತು.

“ನಂಗೂ ಇಷ್ಟ ಇಲ್ಲ,” ಅಂದಳು ದಾಯ್ಜಾ ಅದರ ಕಿವಿಯ ಹತ್ತಿರ, ಪಕ್ಕದ ಮನೆಯವಳ ಜೊತೆ ಮಾತಾಡುವಂತೆ. “ಇಳ್ಸು. ಇಳ್ಸೇ, ಬಂಗಾರಿ.”

ಕಾಲು ಇಳಿಯಿತು.

“ಸೆಲ್ಬಿ, ಹತ್ತು. ಖಾಲಿ ಗಾಡಿ ಕುಣಿಯುತ್ತೆ, ಭಾರ ಬೇಕು.”

ನಾನು ಹತ್ತಿದೆ. ನನ್ನ ಹಿಂದೆಯೇ, ಯಾರೂ ಕರೆಯದಿದ್ದರೂ, ಡಾಕ್ಟರ್ ಬಾವೊ ಹತ್ತಿ ಗಾಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರು. ದಾಯ್ಜಾ ಮುಂದೆ ನಡೆದಳು, ಲಗಾಮು ಹಿಡಿಯಲಿಲ್ಲ, ಬೆನ್ನು ತೋರಿಸಿ ನಡೆದಳು ಅಷ್ಟೆ. ಶೆಮಾಲ್ ಅವಳ ಬೆನ್ನು ನೋಡುತ್ತಾ ಒಂದು ಹೆಜ್ಜೆ ಇಟ್ಟಿತು. ಗಾಡಿ ಕಿರುಗುಟ್ಟಿದಾಗ ಹಾರಿಬಿತ್ತು, ನಿಂತಿತು, ಮತ್ತೆ ಅವಳ ಬೆನ್ನು ನೋಡಿತು. ಹಾಗೇ ಗೇಟು ದಾಟಿದೆವು, ಬೀದಿ ದಾಟಿದೆವು, ಕಾಲುವೆಯ ಏರಿ ಹತ್ತಿದೆವು. ಹಿಂದೆ ಊರು ಪೂರ್ತಿ ನಿಂತಿತ್ತು.

ಬಾವೊ ಮೆಲ್ಲಗೆ ನನ್ನ ಕಡೆ ಬಾಗಿದರು. “ಇದು ಗಾಡಿ ಎಳೀತಿರೋದು ಇವತ್ತೇ ಮೊದಲು, ಅಲ್ವಾ?”

“ನನಗೆ ಕುದುರೆ ಗೊತ್ತಾಗಲ್ಲ ಡಾಕ್ಟರ್. ಭಾಷೆ ಮಾತ್ರ.”

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಅವರನ್ನು ಒಂದು ಮಾತು ಕೇಳ್ತೀರಾ? ಮೂವತ್ತು ವರ್ಷದ ಗ್ಯಾಸ್ ಕೊಡ್ತಾ ಇದೀರಿ, ಯಾರೂ ಏನೂ ಅನ್ನಲಿಲ್ಲ. ಒಂದು ಕುದುರೆಗೆ ಯಾಕೆ ಇಷ್ಟು?” ಅಂದರು.

ದಾಯ್ಜಾ ನಡೆಯುತ್ತಲೇ ಉತ್ತರ ಕೊಟ್ಟಳು. “ಗ್ಯಾಸಿಗೆ ಯಾರಾದ್ರೂ ಮೊಟ್ಟೆ ತಿನ್ಸಿದ್ರಾ? ಚಳೀಲಿ ಕಂಬಳಿ ಹೊದಿಸಿ ಪಕ್ಕ ಮಲಗಿದ್ರಾ? ಅದು ಅಲ್ಲೇ ಇತ್ತು, ಇವರು ತೂತು ಮಾಡಿದ್ರು, ನೀವು ತಗೊಂಡ್ ಹೋಗ್ತೀರಿ. ಸರ್ಕಾರ ಸರ್ಕಾರ ಮಾತಾಡ್ಕೊಳ್ಳಲಿ. ನಿಮ್ಮ ಸ್ನೇಹ ನಂಗೆ ಬೇಡ ಅಂತಿಲ್ಲ ಡಾಕ್ಟ್ರೇ, ಮನೆಗ್ ಬನ್ನಿ, ಊಟ ಮಾಡಿ. ಆದ್ರೆ ಸ್ನೇಹ ಮಾಡೋರು ತಮ್ಮ ಕೈಲಿರೋದು ಕೊಡ್ಬೇಕು. ನನ್ ಕೈಲಿರೋದನ್ನ ಅವರು ಹೆಂಗೆ ಕೊಡ್ತಾರೆ?” ಸ್ವಲ್ಪ ದೂರ ಹೋದ ಮೇಲೆ ಸೇರಿಸಿದಳು: “ಅದು ಬಂಡಿ ಕುದುರೆನೇ ಆದ್ರೂ.”

ನಾನು ಒಂದು ಮಾತೂ ಬಿಡದೆ ಹೇಳಿದೆ. ಕಚೇರಿಯಲ್ಲಿ ಎಷ್ಟೋ ಸಲ ಎರಡೂ ಕಡೆಯವರ ಖಾರವನ್ನು ನೀರು ಬೆರೆಸಿ ಹೇಳಿದ್ದೇನೆ. ಅವತ್ತು ಬೆರೆಸಲಿಲ್ಲ.

ಬಾವೊ ಶೆಮಾಲ್‌ಳ ಹೆಜ್ಜೆಯನ್ನು ತುಂಬಾ ಹೊತ್ತು ನೋಡಿದರು. ಗಾಡಿ ಎಳೆಯುವಾಗಲೂ ಅದರ ಕಾಲು ನೆಲಕ್ಕೆ ತಾಗಿಯೂ ತಾಗದಂತೆ ಬೀಳುತ್ತಿತ್ತು. ಅವರಿಗೆ ಅದು ಬೇಕಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. “ಒಂದೇ ಒಂದು ಸಲ ಬೆನ್ನ ಮೇಲೆ ಕೂರಬಹುದಾ ಅಂತ ಕೇಳಿ,” ಅಂದರು.

“ಬಂಡಿ ಕುದುರೆ ಮೇಲೆ ಯಾರೂ ಕೂರಲ್ಲ ಅಂತ ಹೇಳು,” ಅಂದಳು ದಾಯ್ಜಾ. ಹೇಳಿದೆ.

ಅಂಗಳಕ್ಕೆ ವಾಪಸು ಬಂದಾಗ ಅವರು ಗಾಡಿ ಇಳಿದು ಮಂಚದ ಹತ್ತಿರ ಹೋಗಿ ತಮ್ಮ ಕಾಗದದಲ್ಲಿ ಎರಡು ಸಾಲು ಬರೆದರು. ದೊವ್ರಾನ್ ಕೇಳುವ ಮೊದಲೇ ನಾನು ಓದಿ ಹೇಳಿದೆ: “ಬಂಡಿ ಕುದುರೆ. ಆರೋಗ್ಯ ಚೆನ್ನಾಗಿದೆ. ಈ ಜಾತಿಯದನ್ನು ಒಳಗೆ ತರಲು ನಮ್ಮಲ್ಲಿ ಅನುಮತಿ ಇಲ್ಲ.”

ದೊವ್ರಾನ್ ಪುಸ್ತಕ ತನ್ನ ಕಡೆ ಎಳೆದುಕೊಂಡ. “ಯೋಚ್ನೆ ಮಾಡಿ ದಾಯ್ಜಾ. ಇವತ್ತು ಬಂಡಿ ಕುದುರೆ ಅಂತ ಸೀಲ್ ಬಿದ್ರೆ ಇದರ ಹೊಟ್ಟೇಲಿ ಹುಟ್ಟೋದೆಲ್ಲ ಬಂಡಿ ಕುದುರೆನೇ. ದೊಡ್ಡ ಓಟದ ಬಾಗಿಲು ಮುಚ್ಚಿತು. ನಿಮ್ಮಪ್ಪನ ಹೆಸರೂ ಅಲ್ಲೇ ನಿಂತಿತು. ಆಮೇಲೆ ಯಾರು ಬಂದು ಅತ್ರೂ ತಿದ್ದಕ್ಕಾಗಲ್ಲ.”

ದಾಯ್ಜಾ ಶೆಮಾಲ್‌ಳ ಕೊರಳಿಂದ ಶಾಲು ತೆಗೆಯುತ್ತಿದ್ದಳು. ಶಾಲಿಗೆ ಬೆವರು, ಒಂದು ಕಡೆ ತುಸು ರಕ್ತ. ಅದನ್ನೇ ಕೊಡವಿ ತಲೆಗೆ ಕಟ್ಟಿಕೊಂಡಳು.

“ಸೀಲ್ ಹೊಡಿ,” ಅಂದಳು.

ಗುಮಾಸ್ತ ಹೊಡೆದ.

ಜನ ಆಮೇಲೆ ನಗುತ್ತಾ ಹೋದರು. ಅವಳು ನಗಲಿಲ್ಲ. ಎರಡು ದಿನ ಬಾನಿಯ ಪಕ್ಕ ಕೂತಿದ್ದಳು, ನಾನು ಇಟ್ಟ ರೊಟ್ಟಿ ಇಟ್ಟಲ್ಲೇ ಒಣಗಿತು. ಮೂರನೆಯ ದಿನ ಗೋಡೆಯ ಮೇಲಿಂದ ಪಿರ್ಲಿಯ ತಲೆ ಕಂಡಿತು.

“ಏನಮ್ಮಾ, ಬದುಕಿದೀಯಾ?”

“ನಿನ್ ಕರಿಯ ಬಂಡಿ ಕುದುರೆಗಿಂತ ಕಡೆ ಅಂದ್ಯಲ್ಲ ಆಗಾ. ಮನೇಲಿ ಸೇರಿಸ್ಕೊಂಡ್ರಾ?”

“ಹೆಂಡ್ತಿ ಸೇರಿಸ್ಕೊಂಡ್ಲು. ಕುದುರೆ ಇನ್ನೂ ಮಾತಾಡ್ತಿಲ್ಲ.”

ಅವತ್ತು ಅವಳು ಊಟ ಮಾಡಿದಳು.

ಒಪ್ಪಂದಕ್ಕೆ ಸಹಿ ಬಿತ್ತು. ರಾಜಧಾನಿಯ ಲಾಯದ ಯಾವುದೋ ಗಂಡುಕುದುರೆಗೆ ಬೆಳ್ಳಿಯ ಅಲಂಕಾರ ಹಾಕಿ ಕೊಟ್ಟರು, ಟೀವಿಯಲ್ಲಿ ಅದು ಕ್ಯಾಮೆರಾ ಕಡೆ ಹೆದರಿ ನೋಡುತ್ತಿತ್ತು. ದಾಯ್ಜಾ ಟೀವಿ ಆರಿಸಿಬಿಟ್ಟಳು. ನನ್ನ ಕೆಲಸ ಹೋಗಲಿಲ್ಲ. ಚೀನೀ ಭಾಷೆ ಬರುವವರು ಅವರಿಗೂ ಬೇಕಲ್ಲ.

ಈ ವಸಂತದಲ್ಲಿ ದೊವ್ರಾನ್ ಮತ್ತೆ ಬಂದ, ವರ್ಷದ ಕುದುರೆ ಗಣತಿಗೆ. ಇನ್ನೊಂದು ದೇಶದ ಜೊತೆ ಇನ್ನೊಂದು ಕೊಳವೆಯ ಮಾತು ನಡೆಯುತ್ತಿದೆ ಅಂತ ನಮ್ಮ ಕಚೇರಿಯಲ್ಲೂ ಕೇಳಿದ್ದೆ, ಊರಿನವರೂ ಕೇಳಿದ್ದರು; ಸಹಿಯಾದರೆ ಕಾಣಿಕೆಗೆ ಮತ್ತೊಂದು ಕುದುರೆ ಬೇಕಾಗುತ್ತದೆ. ಅವನು ಮಂಚದ ಮೇಲೆ ಪುಸ್ತಕ ಬಿಚ್ಚಿ, “ಮೊದಲು ಯಾರದ್ದು?” ಅಂದ.

ಪಿರ್ಲಿ ಕರಿಯನನ್ನು ಹಿಡಿದುಕೊಂಡು ಮುಂದೆ ಬಂದ. “ನಂದು. ಇದನ್ನ ಅಸಲಿ ಪಟ್ಟಿಯಿಂದ ತೆಗಿ.”

“ಯಾಕೆ?”

“ಬಂಡಿ ಕುದುರೆಗಿಂತ ಕಡೆ ಅಂತ ಹೋದ್ ವರ್ಷನೇ ಪ್ರಮಾಣ ಮಾಡಿದೀನಲ್ಲ. ಗಾಡಿ ತಂದಿದೀನಿ, ಬೇಕಾದ್ರೆ ಎಳೆಸಿ ತೋರಿಸ್ತೀನಿ. ಸಾಕ್ಷಿ ಬೇಕಾ? ಓಗುಲ್ಗೆರೆಕ್, ಬಾ ಇಲ್ಲಿ, ಹೇಳು.”

“ಇದರ ಅಜ್ಜಿ ಉಪ್ಪು ಎಳೀತಿದ್ಲು,” ಅಂದಳು ದಾಯ್ಜಾ ಗಂಭೀರವಾಗಿ. “ಅದೂ ನೆಟ್ಟಗೆ ಎಳೀತಿರ್ಲಿಲ್ಲ.”

ದೊವ್ರಾನ್ ತಲೆ ಎತ್ತಿದ. ಪಿರ್ಲಿಯ ಹಿಂದೆ ನೀರಗಂಟಿ ಎಸೆನ್ ತನ್ನ ಬೂದು ಕುದುರೆ ಹಿಡಿದು ನಿಂತಿದ್ದ, ಅವನ ಹಿಂದೆ ಶಾಲೆಯ ಮೇಷ್ಟರು, ಅವರ ಹಿಂದೆ ರೊಟ್ಟಿ ಸುಡುವ ಮನೆಯ ಅಣ್ಣತಮ್ಮಂದಿರು. ಎಲ್ಲರ ಕೈಯಲ್ಲೂ ಒಂದೊಂದು ಲಗಾಮು. ಸಾಲು ಗೇಟಿನಾಚೆ ಹೋಗಿತ್ತು, ಎಲ್ಲಿ ಮುಗಿಯುತ್ತದೆ ಅಂತ ಮಂಚದಿಂದ ಕಾಣುತ್ತಿರಲಿಲ್ಲ.

“ಕೂತ್ಕೊಂಡ್ ಬರಿ ತಮ್ಮಾ, ಹೊತ್ತಾಗುತ್ತೆ,” ಅಂದಳು ದಾಯ್ಜಾ, ಅವನಿಗೆ ಟೀ ಬಗ್ಗಿಸುತ್ತಾ.